ಪಂಚನಾಮೆಗೆ ಸಹಿ ಹಾಕೋ ಮುಂಚೆ

‘ನಮಗೆ ಯಾರ ಮೇಲೂ ಅನುಮಾನ ಇರುವುದಿಲ್ಲ.’ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಕೋರ್ಟುಗಳಿಗೆ ಓಡಾಡುವ ನನ್ನಂಥ ವಕೀಲರ ಫೈಲುಗಳಲ್ಲಿ ಈ ಸಾಲು ಎಷ್ಟು ಸಲ ಸಿಗುತ್ತದೋ ಲೆಕ್ಕವಿಲ್ಲ. ಹಠಾತ್ ಸಾವಾದ ಮನೆಯವರು ಠಾಣೆಗೆ ಕೊಡುವ ದೂರಿನ ಕೊನೆಗೆ ಅದು ಬಂದು ಕೂತಿರುತ್ತದೆ. ಅಪ್ಪನನ್ನು ಕಳಕೊಂಡ ಹುಡುಗ ಎಷ್ಟೋ ಸಲ ಆ ಮಾತು ಆಡಿರೋದೇ ಇಲ್ಲ. ಬರೆದುಕೊಡುವವರು ರೂಢಿಯಂತೆ ಬರೆದಿರುತ್ತಾರೆ, ಇವನು ಕಣ್ಣೊರೆಸಿಕೊಂಡು ಸಹಿ ಹಾಕಿರುತ್ತಾನೆ. ಆರು ತಿಂಗಳಾದ ಮೇಲೆ ಯಾರೋ ಏನೋ ಅಂದರು ಅಂತ ನನ್ನ ಹತ್ತಿರ ಬರುತ್ತಾನೆ.

ಈ ಅಂಕಣ ಓದುವ ನಮ್ಮ ಕಡೆಯ ಹುಡುಗ ಹುಡುಗಿಯರು ಬಹಳ ಜನ ಬೆಂಗಳೂರಲ್ಲಿದ್ದೀರಿ. ಊರಿಂದ ಅಂಥ ಫೋನ್ ಬಂದರೆ ಮನೆಯಲ್ಲಿ ಓದಿದವರು ನೀವೇ ಅಂತ ನಿಮ್ಮನ್ನೇ ಕೇಳುತ್ತಾರೆ: ‘ಪೊಲೀಸ್ ಗೀಲೀಸ್ ಬ್ಯಾಡಪ್ಪ, ಹೆಣ ಕೊಯ್ಸೋದು ಬ್ಯಾಡ, ಸಂಜಿ ಒಳಗ ಮಣ್ಣು ಮಾಡಿಬಿಡೋಣ, ಏನಂತಿ?’

ವಯಸ್ಸಾದವರು, ಬಹಳ ದಿನದಿಂದ ಕಾಯಿಲೆಗೆ ಔಷಧಿ ತಗೊಳ್ತಿದ್ದವರು ಹೋದರೆ ಪೊಲೀಸರ ಪ್ರಶ್ನೆಯೇ ಬರಲ್ಲ. ಆದರೆ ಕೂಡ್ಲಿಗಿ ಹೈವೇಯಲ್ಲಿ ಬೈಕ್ ಗುದ್ದಿದ್ದು, ಕೊಟ್ಟೂರು ಕಡೆ ಹೊಲದ ಮೋಟಾರ್ ಸ್ಟಾರ್ಟರ್ ಶಾಕ್ ಹೊಡೆದದ್ದು, ಹಡಗಲಿಯ ಹೊಳೆಯಲ್ಲಿ ಮುಳುಗಿದ್ದು, ಹರಪನಹಳ್ಳಿಯ ಮೆಕ್ಕೆಜೋಳದ ಹೊಲದಲ್ಲಿ ಹಾವು ಕಚ್ಚಿದ್ದು, ಗುಡೇಕೋಟೆ ಕಡೆ ಕರಡಿ ಬಿದ್ದದ್ದು, ಕ್ರಿಮಿನಾಶಕ ಕುಡಿದದ್ದು, ಇವೆಲ್ಲ ಠಾಣೆಗೆ ತಿಳಿಸಲೇಬೇಕಾದ ಸಾವುಗಳು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 34ನೇ ಕಲಂ ಪ್ರಕಾರ ಊರಲ್ಲಿ ಹಠಾತ್ ಅಥವಾ ಅಸಹಜ ಸಾವು ಗೊತ್ತಾದರೆ ಗ್ರಾಮದ ಅಧಿಕಾರಿಯಷ್ಟೇ ಅಲ್ಲ, ಆ ಊರಲ್ಲಿ ವಾಸ ಇರೋ ಯಾರೇ ಆದರೂ ಹೇಳಬೇಕು.

ಇಂಗ್ಲಿಷ್ ಸೀರಿಯಲ್ ನೋಡೋ ಒಬ್ಬ ಹುಡುಗ ‘ನಮ್ಮಲ್ಲಿ ಕರೋನರ್ ಯಾರು ಸಾರ್?’ ಅಂದಿದ್ದ. ಮುಂಬೈಯಲ್ಲಿ 1999ರವರೆಗೂ ಇದ್ದರು. ನಮ್ಮಲ್ಲಿ ಆ ಕೆಲಸ ಹಂಚಿಹೋಗಿದೆ. ಹೆಣ ನೋಡಿ ಪಂಚನಾಮೆ ಬರೆಯೋದು ಪೊಲೀಸರು, ಪೋಸ್ಟ್‌ಮಾರ್ಟಂ ಮಾಡೋದು ಸರ್ಕಾರಿ ಡಾಕ್ಟರು, ಕೆಲವು ಸಾವುಗಳಿಗೆ ಮಾತ್ರ ತಹಶೀಲ್ದಾರರು ಬರಬೇಕು.

ಜನ ಹೆದರೋದು ‘ಯುಡಿಆರ್’ ಅನ್ನೋ ಹೆಸರಿಗೆ. ಅದು ಯಾರ ಮೇಲೂ ಹಾಕೋ ಕೇಸಲ್ಲ, ಅಸಹಜ ಸಾವಿನ ವರದಿ ಅಷ್ಟೇ. 194ನೇ ಕಲಂ (ಹಳೇ ಸಿಆರ್‌ಪಿಸಿಯ 174) ಪ್ರಕಾರ ಪೊಲೀಸರು ಹೆಣ ಇರುವಲ್ಲಿಗೇ ಬಂದು, ನೆರೆಹೊರೆಯ ಕನಿಷ್ಠ ಇಬ್ಬರು ಪಂಚರ ಎದುರು ಮೈಮೇಲಿನ ಗಾಯ, ಗುರುತು, ಮೇಲ್ನೋಟದ ಕಾರಣ ಬರೆಯಬೇಕು. ವರದಿ 24 ಗಂಟೆಯೊಳಗೆ ಜಿಲ್ಲಾ ಅಥವಾ ಉಪವಿಭಾಗದ ದಂಡಾಧಿಕಾರಿಗೆ ಹೋಗಬೇಕು. ಯಾರು ಮಾಡಿದರು ಅನ್ನೋದನ್ನ ಪಂಚನಾಮೆಯಲ್ಲಿ ತೀರ್ಮಾನಿಸೋದಲ್ಲ ಅಂತ ಪೆದ್ದ ನಾರಾಯಣ ಪ್ರಕರಣದಲ್ಲಿ 1975ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಅಂದಮೇಲೆ ಅದರ ಬೆಲೆ ಏನು? ಹೆಣ ಕಣ್ಣೆದುರು ಇರುವಾಗ ಹಳ್ಳಿಯವರ ಎದುರು ಬರೆದ ಕಾಗದ ಅದೊಂದೇ. ಕತ್ತಿನ ಗುರುತು, ಮುಂಗೈ ಮೇಲಿನ ಕಂದು, ಬಾಯಿಯ ನೊರೆ ಅದರಲ್ಲಿ ಬರದಿದ್ದರೆ ಆಮೇಲೆ ಯಾರ ನೆನಪೂ ಅದಕ್ಕೆ ಸಮ ಆಗಲ್ಲ. ಒಂದು ಠಾಣೆಯವರು ನನ್ನನ್ನೂ ಪಂಚನಾಗಿ ಕರೆದಿದ್ದರು, ಖಾಲಿ ಹಾಳೆ ಚಾಚಿ ‘ಸಾರ್, ಸಹಿ ಹಾಕಿ, ಆಮೇಲೆ ಬರ್ಕೋತೀವಿ’ ಅಂದರು. ‘ಬರೀರಿ, ಓದಿ ಹಾಕ್ತೀನಿ’ ಅಂದೆ. ಮುಖ ಗಂಟಿಕ್ಕಿದರು, ಆದರೂ ಬರೆದರು. ನಿಮ್ಮ ಕಾಕಾನೋ ಮಾವನೋ ಪಂಚರಾಗಿ ನಿಂತಿದ್ದರೆ ಫೋನಲ್ಲಾದರೂ ಇಷ್ಟು ಹೇಳಿ: ನೋಡಿದ್ದೆಲ್ಲ ಬಂದಿದೆಯಾ ಅಂತ ಓದಿಸಿ ಕೇಳಿ, ಆಮೇಲೆ ಸಹಿ. ಆ ಅನುಮಾನದ ಸಾಲಿನ ಜಾಗದಲ್ಲಿ ‘ಪೋಸ್ಟ್‌ಮಾರ್ಟಂ ವರದಿ ಬಂದ ಮೇಲೆ ತಿಳಿಸುತ್ತೇವೆ’ ಅಂತ ಬರೆಸೋಕೆ ಯಾವ ಕಾನೂನೂ ಅಡ್ಡ ಬರಲ್ಲ.

ಮದುವೆಯಾಗಿ ಏಳು ವರ್ಷದೊಳಗಿನ ಹೆಣ್ಣುಮಗಳು ಆತ್ಮಹತ್ಯೆ ಮಾಡಿಕೊಂಡಿದ್ದರೆ, ಅಥವಾ ಆ ಸಾವಿನ ಬಗ್ಗೆ ಅನುಮಾನಕ್ಕೆ ಎಡೆಯಿದ್ದರೆ ಪೊಲೀಸರ ಪಂಚನಾಮೆಯೊಂದೇ ಸಾಲದು. ದಂಡಾಧಿಕಾರಿಯಾಗಿ ತಹಶೀಲ್ದಾರರೋ ಉಪವಿಭಾಗಾಧಿಕಾರಿಯೋ ವಿಚಾರಣೆ ಮಾಡಲೇಬೇಕು. ಅವಳ ಅಪ್ಪ ಅಮ್ಮ, ಅಣ್ಣ ತಂಗಿಯರಿಗೆ ಆದಷ್ಟೂ ತಿಳಿಸಬೇಕು, ವಿಚಾರಣೆಯಲ್ಲಿ ಹಾಜರಿರಲು ಬಿಡಬೇಕು. ‘ಗಂಡನ ಮನೆಯವರು ಎಲ್ಲಾ ಮುಗಿಸ್ಯಾರ’ ಅನ್ನೋ ಸುದ್ದಿ ತವರಿಗೆ ಬರೋದು ಸಾಮಾನ್ಯವಾಗಿ ಹೆಣ ಎತ್ತಿದ ಮೇಲೆ. ತವರಿನವರು ಬರೋವರೆಗೆ ಕಾಯಿರಿ ಅಂತ ಠಾಣೆಗೆ ಫೋನ್ ಮಾಡೋ ಕೆಲಸ ದೂರದ ಊರಲ್ಲಿ ಕೂತ ತಮ್ಮನೂ ಮಾಡಬಹುದು. ಲಾಕಪ್ಪಲ್ಲಾದ ಸಾವಿಗೆ ನ್ಯಾಯಾಂಗ ಮ್ಯಾಜಿಸ್ಟ್ರೇಟರೇ ವಿಚಾರಣೆ ಮಾಡಬೇಕು, ಅದು ಬೇರೆ ಕಥೆ.

ಕತ್ತಲಾದ ಮೇಲೆ ಪೋಸ್ಟ್‌ಮಾರ್ಟಂ ಇಲ್ಲ ಅಂತ ಕಳಿಸೋದು ಹಳೇ ಪದ್ಧತಿ. ಬೆಳಕು, ಸೌಕರ್ಯ ಇರೋ ಆಸ್ಪತ್ರೆಯಲ್ಲಿ ರಾತ್ರಿಯೂ ಮಾಡಬಹುದು ಅಂತ 2021ರ ನವೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಹೇಳಿತು. ಆದರೆ ಕೊಲೆ, ಆತ್ಮಹತ್ಯೆ, ಅನುಮಾನದ ಸಾವುಗಳಿಗೆ ಆ ರಿಯಾಯಿತಿ ಸಾಮಾನ್ಯವಾಗಿ ಇಲ್ಲ. ಹಂಗಾಗಿ ಬೆಳಗಿನವರೆಗೆ ಕಾಯಬೇಕಾಗಬಹುದು, ನೆಂಟರಿಗೆ ಮೊದಲೇ ಹೇಳಿಬಿಡಿ.

ವಿಷದ ಅನುಮಾನ ಇದ್ದರೆ ಒಳ ಅಂಗಾಂಗ ಪ್ರಯೋಗಾಲಯಕ್ಕೆ ಹೋಗುತ್ತೆ, ಡಾಕ್ಟರು ಅಂತಿಮ ಅಭಿಪ್ರಾಯ ಕಾಯ್ದಿರಿಸುತ್ತಾರೆ. ತಿಂಗಳುಗಟ್ಟಲೆ ಆಗಬಹುದು. ಯುಡಿಆರ್ ನಂಬರು ಫೋನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಪಂಚನಾಮೆ ಮತ್ತು ವರದಿಯ ಪ್ರತಿಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ. ತೀರಿಕೊಂಡವರ ಬ್ಯಾಂಕ್ ಪಾಸ್‌ಬುಕ್ ಕೂಡ ಒಮ್ಮೆ ತೆಗೆದು ನೋಡಿ. ವರ್ಷಕ್ಕೆ 20 ರೂಪಾಯಿ ಕಟ್ ಆಗಿದ್ದರೆ ಅದು ಬಹುಶಃ ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಅಪಘಾತದ ಸಾವಿಗೆ 2 ಲಕ್ಷ. ಅದನ್ನು ಕೇಳೋಕೆ ಹೋದಾಗ ಬ್ಯಾಂಕಿನವರು ಮೊದಲು ಕೇಳೋದು ಇವೇ ಕಾಗದಗಳನ್ನು.