ಹೆಮ್ಮರಗಾಲಕ್ಕೆ ಕುಳ್ಳ ಕ್ರಿಸ್‌ಮಸ್ ಗಿಡ ಯಾಕೆ ಸ್ವಾಮಿ?

ಹೆಸರಿನಲ್ಲೇ ಹೆಮ್ಮರ ಇಟ್ಟುಕೊಂಡ ಊರು ನಮ್ಮದು, ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲ. ಸಂತಾನ ವೇಣುಗೋಪಾಲಸ್ವಾಮಿ ದೇವಸ್ಥಾನಕ್ಕೆ ಬಂದವರಿಗೆ ಗೊತ್ತಿರುತ್ತೆ. ಇಂಥಾ ಊರಲ್ಲೂ ಈಗ ಹೊಸ ಮನೆ ಕಟ್ಟಿದವರ ಅಂಗಳದಲ್ಲಿ ಐಸ್‌ಕ್ರೀಂ ಕೋನನ್ನು ಬೋರಲು ಹಾಕಿದಂಥ ಗಿಡಗಳು ಕಾಣಿಸಿಕೊಳ್ಳುತ್ತಿವೆ. ಥೂಜಾ, ಜೂನಿಪರ್, ಗೋಲ್ಡನ್ ಸೈಪ್ರಸ್, 'ಕ್ರಿಸ್‌ಮಸ್ ಟ್ರೀ'... ಒಟ್ಟಿನಲ್ಲಿ ಕಾನಿಫರ್, ಅಂದರೆ ಪೈನ್ ಮರದ ನೆಂಟರು. ಮಾರುವವರು ಹೇಳೋದು ಮೂರೇ ಮಾತು: "ಡ್ವಾರ್ಫ್ ಸಾರ್, ಎವರ್‌ಗ್ರೀನ್ ಸಾರ್, ನೋ ಮೇಂಟೆನೆನ್ಸ್ ಸಾರ್."

ಈ ಮೂರೂ ಮಾತಿನ ಮೇಲೆ ನನಗೆ ತಕರಾರಿದೆ.

ಮೊದಲು ಎವರ್‌ಗ್ರೀನ್. ಯುರೋಪಿನಲ್ಲಿ, ಕೆನಡಾದಲ್ಲಿ ಚಳಿಗಾಲ ಬಂದರೆ ತೋಟ ಬೋಳು. ಆಗ ಹಿಮದ ನಡುವೆ ಒಂದು ಗಿಡ ಹಸಿರಾಗಿ ನಿಂತರೆ ಕಣ್ಣಿಗೆ ಹಬ್ಬ. ಇಂಗ್ಲೆಂಡಿನ ನಾರ್ಫಕ್‌ನಲ್ಲಿ ಏಡ್ರಿಯನ್ ಬ್ಲೂಮ್ ಎಂಬಾತ 1960ರ ದಶಕದಲ್ಲಿ 'ಫಾಗಿ ಬಾಟಮ್' ಅಂತ ತೋಟ ಮಾಡಿ ಈ ಕುಳ್ಳ ಕಾನಿಫರ್‌ಗಳನ್ನು ಜನಪ್ರಿಯಗೊಳಿಸಿದ. ಅಲ್ಲಿಗೆ ಅದು ಸರಿಯೇ. ಅದರ ಸೂಜಿಯೆಲೆ, ಎಲೆ ಮೇಲಿನ ಮೇಣ, ಹಿಮ ಜಾರಿ ಬೀಳುವಂಥ ಗೋಪುರದ ಆಕಾರ ಎಲ್ಲವೂ ಆ ಚಳಿಗೆ ಒಗ್ಗುವಂಥವು. ನಮ್ಮಲ್ಲಿ? ಮಾವು ಎವರ್‌ಗ್ರೀನ್. ಹಲಸು ಎವರ್‌ಗ್ರೀನ್. ತೆಂಗು, ದಾಸವಾಳ, ಕಣಗಿಲೆ, ನಂದಬಟ್ಟಲು ಎಲ್ಲಾ ಎವರ್‌ಗ್ರೀನೇ! ನಮ್ಮ ಪ್ರೊಡಕ್ಟಿನಲ್ಲಿ ಇಲ್ಲದ ಬಗ್‌ಗೆ ಬೇರೆಯವರು ಬರೆದ ಪ್ಯಾಚನ್ನು ತಂದು ಹಾಕಿಕೊಳ್ಳುವವರನ್ನು ನಮ್ಮ ಆಫೀಸಿನಲ್ಲಿ ಏನಂತ ಬೈತಾರೆ ಅಂತ ಇಲ್ಲಿ ಬರೆಯೋಕಾಗಲ್ಲ.

ಎರಡನೆಯದು ಡ್ವಾರ್ಫ್. ಕಾನಿಫರ್ ಪ್ರಿಯರದೇ ಸಂಘ, ಅಮೆರಿಕನ್ ಕಾನಿಫರ್ ಸೊಸೈಟಿ, ವರ್ಷಕ್ಕೆ 1ರಿಂದ 6 ಇಂಚು ಬೆಳೆಯುವುದನ್ನು ಡ್ವಾರ್ಫ್ ಅನ್ನುತ್ತೆ. ಅಂದರೆ ಕುಳ್ಳ ಅಂದರೆ ಬೆಳೆಯೋದನ್ನು ನಿಲ್ಲಿಸಿದ್ದು ಅಂತಲ್ಲ, ನಿಧಾನವಾಗಿ ಬೆಳೆಯುವುದು ಅಂತ. ವರ್ಷಕ್ಕೆ 6 ಇಂಚಾದರೆ 20 ವರ್ಷಕ್ಕೆ 10 ಅಡಿ, ಲೆಕ್ಕ ನೀವೇ ಹಾಕಿ. ಅದೂ ನಿಜವಾದ ಡ್ವಾರ್ಫ್ ಆಗಿದ್ದರೆ! ನಮ್ಮ ನರ್ಸರಿಗಳಲ್ಲಿ ಕುಂಡದಲ್ಲಿಟ್ಟು 'ಕ್ರಿಸ್‌ಮಸ್ ಟ್ರೀ' ಅಂತ ಮಾರುವುದು ಹೆಚ್ಚಾಗಿ ಅರಾಕೇರಿಯಾ. ಅದು ಕುಳ್ಳ ಅಲ್ಲವೇ ಅಲ್ಲ, ಕುಳ್ಳನ ವೇಷದಲ್ಲಿರುವ ದೈತ್ಯನ ಮರಿ. ಇದರಲ್ಲೊಂದು ಜಾತಿ, ಕುಕ್ ಪೈನ್, ತನ್ನ ತವರಾದ ನ್ಯೂ ಕ್ಯಾಲಿಡೋನಿಯಾದಲ್ಲಿ 60 ಮೀಟರ್ ತನಕ ಏರುತ್ತೆ. 1961ರಲ್ಲಿ ಬ್ರಿಟನ್ನಿನ ರಾಣಿ ಎಲಿಜಬೆತ್ ಲಾಲ್‌ಬಾಗಿನಲ್ಲಿ ನೆಟ್ಟದ್ದೂ ಇದೇ ಜಾತಿಯನ್ನು. ಲಾಲ್‌ಬಾಗಿಗೆ 240 ಎಕರೆ ಇದೆ, ಮಾಲಿಗಳಿದ್ದಾರೆ. ನಿಮ್ಮ ಗೇಟಿಗೂ ಸಂಪಿಗೂ ನಡುವೆ ಎಷ್ಟಡಿ ಇದೆ?

ಮೂರನೆಯದು, ನನಗೆ ನಿಜವಾಗಿ ಸಿಟ್ಟು ಬರಿಸುವ ಮಾತು: ನೋ ಮೇಂಟೆನೆನ್ಸ್.

ನಮ್ಮ ದೊಡ್ಡಪ್ಪನ ಮಗ ಬೆಂಗಳೂರಲ್ಲಿದ್ದಾನೆ, ನನ್ನ ಹಾಗೇ ಸಾಫ್ಟ್‌ವೇರು. ಊರಲ್ಲಿ ಹೊಸ ಮನೆ ಕಟ್ಟಿಸಿದ. ತೋಟದ ಕಂಟ್ರಾಕ್ಟು ಹಿಡಿದವನೊಬ್ಬ ಅಂಗಳದಲ್ಲಿದ್ದ ಕಾಕಡ, ಕಣಗಿಲೆ, ಕರಿಬೇವು ಕಿತ್ತು, ಆರು ಥೂಜಾ, ಎರಡು ಜೂನಿಪರ್ ನೆಟ್ಟು, ದುಡ್ಡು ಎಣಿಸಿಕೊಂಡು ಹೋದ. ಅಣ್ಣ ಬರೋದು ತಿಂಗಳಿಗೊಮ್ಮೆ, ಫೋಟೋ ತೆಗೆಯೋದು ಎರಡು ಸಲ. ನೀರು ಹೊರೋದು ಯಾರು? ಅರವತ್ತೆಂಟು ದಾಟಿದ ದೊಡ್ಡವ್ವ. ಏಪ್ರಿಲ್ ಬಿಸಿಲಲ್ಲಿ, ನಲ್ಲಿ ನೀರು ಬಂದಾಗ ಹಿಡಿದಿಟ್ಟು, ಬಿಂದಿಗೆಯಲ್ಲಿ. "ಅದೇನ್ ಗಿಡವೋ ಕಣ್ ಮಗ, ಹೂ ಬುಡಾಕಿಲ್ಲ, ಕಾಯಿ ಬುಡಾಕಿಲ್ಲ, ನೀರ್ ಮಾತ್ರ ಕುಡೀತದೆ. ಒಣಗಿದ್ರೆ ಅವ್ನು ಬೇಜಾರ್ ಮಾಡ್ಕತಾನೆ" ಅಂದರು. ದೇವರಿಗೆ ಹೂವು, ಒಗ್ಗರಣೆಗೆ ಕರಿಬೇವು ಈಗ ಪಕ್ಕದ ಮನೆಯಿಂದ ಕೇಳಿ ತರುತ್ತಾರೆ.

ಇದೇನಾ ನೋ ಮೇಂಟೆನೆನ್ಸ್? ಮೇಂಟೆನೆನ್ಸ್ ಇಲ್ಲದೇ ಇಲ್ಲ, ನೆಡಿಸಿದವನ ತಲೆ ಮೇಲೆ ಇಲ್ಲ, ಅಷ್ಟೇ.

ಕಾನಿಫರ್‌ಗೆ ಇನ್ನೊಂದು ಗುಣ ಇದೆ. ದಾಸವಾಳ ಒಣಗಿದಂತೆ ಕಂಡರೂ ಕತ್ತರಿಸಿ ನೀರು ಹಾಕಿದರೆ ಚಿಗುರುತ್ತೆ. ಕಾನಿಫರ್‌ಗಳಲ್ಲಿ ಹೆಚ್ಚಿನವು ಎಲೆ ಉದುರಿದ ಹಳೇ ಕೊಂಬೆಯಿಂದ ಮತ್ತೆ ಚಿಗುರುವುದಿಲ್ಲ. ಒಂದು ಪಕ್ಕ ಕಂದುಬಣ್ಣಕ್ಕೆ ತಿರುಗಿ ಒಣಗಿತೋ, ಆ ಪಕ್ಕ ಕೊನೇವರೆಗೂ ಬೋಳೇ. ನೀರು ಕಡಿಮೆಯಾದರೂ ಕಂದು, ಎರೆಮಣ್ಣಿನಲ್ಲಿ ನೀರು ನಿಂತು ಬೇರು ಕೊಳೆತರೂ ಕಂದು. ಜೊತೆಗೆ ಬಿಸಿಲು, ಧೂಳು ಹೆಚ್ಚಾದರೆ ಕೆಂಪು ನುಸಿ. ಕುಳ್ಳ ಕಾನಿಫರ್‌ಗಳಲ್ಲೇ ಹೆಸರುವಾಸಿಯಾದ ಆಲ್ಬರ್ಟಾ ಸ್ಪ್ರೂಸ್ 1904ರಲ್ಲಿ ಕೆನಡಾದ ರಾಕೀ ಪರ್ವತಗಳಲ್ಲಿ ಸಿಕ್ಕಿದ್ದು. ಅಂಥದ್ದನ್ನು ಮೂವತ್ತೈದು ಡಿಗ್ರಿ ಬಿಸಿಲಲ್ಲಿ, ಕಾಂಕ್ರೀಟ್ ಕಾಂಪೌಂಡಿನ ಕಾವಿನಲ್ಲಿ ನಿಲ್ಲಿಸೋದು ಗಿಡಕ್ಕೂ ಹಿಂಸೆ.

"ಮೆಣಸಿನಕಾಯೂ ವಿದೇಶದ್ದೇ, ಅದನ್ನು ತಿನ್ನಲ್ವಾ?" ಅಂತ ಒಬ್ಬರಾದರೂ ಕೇಳೇ ಕೇಳ್ತೀರಿ. ಸರಿಯಾದ ಪ್ರಶ್ನೆ. ನಾನು ಗಿಡಗಳ ಪಾಸ್‌ಪೋರ್ಟ್ ಕೇಳುತ್ತಿಲ್ಲ. ಮೆಣಸಿನಕಾಯಿ ನಮ್ಮ ಬಿಸಿಲಿಗೆ ಒಗ್ಗಿತು, ನಮ್ಮ ಸಾರಿಗೆ ಬಿತ್ತು, ಹಾಕಿದ ನೀರಿನ ಋಣ ತೀರಿಸಿತು. ದಕ್ಷಿಣ ಭಾರತದ ಕಾಡುಗಳಲ್ಲಿ ತಾನಾಗಿ ಬೆಳೆಯುವ ಕಾನಿಫರ್ ಒಂದೇ ಒಂದು, ನಗೇಯಾ ವಾಲಿಚಿಯಾನಾ ಅಂತ. ಅದೂ ಮಳೆ ಜೋರಾಗಿರುವ ಪಶ್ಚಿಮಘಟ್ಟದಲ್ಲಿ, ಅದೂ ಸೂಜಿಯೆಲೆ ಬಿಟ್ಟು ಅಗಲ ಎಲೆ ಮಾಡಿಕೊಂಡು! (ನಮ್ಮ ಹೊಲದ ಬದುವಿನ ಸರ್ವೆ ಮರ ಪೈನ್ ಥರ ಕಂಡರೂ ಕಾನಿಫರ್ ಅಲ್ಲ, ಅದು ಹೂ ಬಿಡುವ ಜಾತಿ.) ಕಾನಿಫರ್ ಕುಲ ನಮ್ಮ ಬಯಲುಸೀಮೆಗೆ ತಾನಾಗಿ ಬರಲಿಲ್ಲ ಅನ್ನೋದರಲ್ಲೇ ಒಂದು ಉತ್ತರ ಇದೆ.

ಇಷ್ಟಾಗಿಯೂ ಆಸೆ ಇದ್ದರೆ ಒಂದೇ ಒಂದು ಥೂಜಾ ಹಾಕಿ. ಚೀನಾ ಮೂಲದ್ದು, ಇರುವುದರಲ್ಲಿ ಇದೇ ಸೆಖೆ ತಡೆಯುತ್ತೆ. ಕುಳ್ಳ ತಳಿಯೇ ಬೇಕೆಂದರೆ 'ಔರಿಯಾ ನಾನಾ' ಅಂತ ಹೆಸರು ಹೇಳಿ ಕೇಳಿ. ಬೆಳಗಿನ ಬಿಸಿಲು ಬೀಳುವ, ನೀರು ನಿಲ್ಲದ ಕಡೆ ನೆಡಿ. ಬೆರಳು ಚುಚ್ಚಿ ನೋಡಿ, ಮೇಲ್ಮಣ್ಣು ಒಣಗಿದ್ದರೆ ಮಾತ್ರ ಬುಡಕ್ಕೆ ಇಂಗುವಷ್ಟು ನೀರು ಕೊಡಿ. ಕತ್ತರಿ ಹಸಿರು ತುದಿಗಷ್ಟೇ ತಾಗಲಿ. ಸಾಲು ಮಾತ್ರ ಬೇಡ. ಇದ್ದ ಕರಿಬೇವನ್ನು ಕಿತ್ತು ಹಾಕೋದಂತೂ ಬೇಡವೇ ಬೇಡ.

ಬೆಂಗಳೂರಲ್ಲೋ ಬೋಸ್ಟನ್ನಿನಲ್ಲೋ ಕೂತು ಊರ ಅಂಗಳಕ್ಕೆ ಗಿಡ ಆರಿಸುವ ನನ್ನಂಥ ಟೆಕ್ಕಿ ಬಂಧುಗಳಿಗೆ ಒಂದೇ ವಿನಂತಿ. ಕೊಳ್ಳುವ ಮೊದಲು ನರ್ಸರಿಯವನನ್ನಲ್ಲ, ಆ ಗಿಡಕ್ಕೆ ದಿನಾ ನೀರು ಹಾಕಬೇಕಾದವರನ್ನು ಕೇಳಿ. ಅವರು "ಮಲ್ಲಿಗೆ ತತ್ತಾ" ಅಂದರೆ ಮಲ್ಲಿಗೆಯನ್ನೇ ತಗೊಂಡು ಹೋಗಿ. ನಿಮ್ಮ ಮನೆಯಲ್ಲಿ ಕಾನಿಫರ್ ಚೆನ್ನಾಗಿ ಬೆಳೆದಿದ್ದರೆ ಕಾಮೆಂಟಿನಲ್ಲಿ ಧಾರಾಳವಾಗಿ ಬೈಯಿರಿ, ಆದರೆ ನೀರು ಹಾಕುವವರು ಯಾರು ಅನ್ನೋದನ್ನೂ ಜೊತೆಗೆ ಬರೀರಿ.