ಜನವರಿಯ ಜಾಥಾಕ್ಕೆ ಕಾಯಬೇಡಿ

ಅಕ್ಟೋಬರ್ ಕೊನೆಗೋ ನವೆಂಬರಿಗೋ ಕಬ್ಬು ನುರಿಸುವ ಹಂಗಾಮು ಶುರುವಾಗುತ್ತದೆ. ಆಮೇಲೆ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಯ ರಸ್ತೆಗಳೆಲ್ಲ ಟ್ರ್ಯಾಕ್ಟರುಗಳ ಪಾಲು. ಒಂದು ಎಂಜಿನ್, ಹಿಂದೆ ಎರಡು ಟ್ರೇಲರ್. ಅದರ ಹಾಡು ಊರಾಚೆಗೂ ಕೇಳುತ್ತದೆ. ಹಿಂದಿನ ದೀಪ ಮಾತ್ರ ಹತ್ತು ಮಾರು ದೂರಕ್ಕೂ ಕಾಣದು.

ಅನಂತಪುರದಿಂದ ಅಥಣಿಗೆ ಬೈಕಿನಲ್ಲಿ ಓಡಾಡುವ ಹುಡುಗರು ಈ ಲೆಕ್ಕ ಕೇಳಬೇಕು. 60 ಕಿ.ಮೀ. ವೇಗದ ಬೈಕು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಎದುರಿನ ಗಾಡಿಯ ಹೈಬೀಮ್ ಕಣ್ಣಿಗೆ ಬಿದ್ದರೆ ಒಂದು ಗಳಿಗೆ ಏನೂ ಕಾಣದು. ಅಲ್ಲೇ ಟೈರು ಒಡೆದೋ ಆಕ್ಸಲ್ ಮುರಿದೋ ನಿಂತ ಟ್ರೇಲರ್ ಇದ್ದರೆ ಬ್ರೇಕ್ ಹಿಡಿಯಲೂ ಹೊತ್ತಿಲ್ಲ. ಹೊರಚಾಚಿದ ಕಬ್ಬು ತಾಗುವುದು ನೇರ ಎದೆಗೆ, ಮುಖಕ್ಕೆ.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಹತ್ತಿರಹತ್ತಿರ ಮೂರರಲ್ಲಿ ಇಬ್ಬರು 18ರಿಂದ 45 ವರ್ಷದೊಳಗಿನವರು.

ಟ್ರೇಲರಿನ ಹಿಂದೆ ಕೆಂಪು, ಪಕ್ಕಕ್ಕೆ ಹಳದಿ ರಿಫ್ಲೆಕ್ಟರ್ ಪಟ್ಟಿ ಇದ್ದರೆ ಎಷ್ಟೋ ಜೀವ ಉಳಿದಾವು. ನಮ್ಮಲ್ಲಿ ರಸ್ತೆ ಸುರಕ್ಷತಾ ಮಾಸ ಬರುವುದು ಜನವರಿಯಲ್ಲಿ. ಅಷ್ಟೊತ್ತಿಗೆ ಅರ್ಧ ಹಂಗಾಮು ಮುಗಿದಿರುತ್ತದೆ. ದಿಲ್ಲಿಯ ಕ್ಯಾಲೆಂಡರಿಗೆ ಕಬ್ಬಿನ ಹಂಗಾಮು ಗೊತ್ತಿಲ್ಲ, ಸರಿ, ನಮಗೆ ಗೊತ್ತಿದೆಯಲ್ಲ?

ಆದ್ದರಿಂದ ಕಾಲೇಜುಗಳ ಎನ್ನೆಸ್ಸೆಸ್ ಘಟಕಗಳು ಹಂಗಾಮಿಗೆ ಮುನ್ನವೇ ಈ ಕೆಲಸಕ್ಕೆ ಇಳಿಯಬೇಕು. ಟ್ರ್ಯಾಕ್ಟರ್ ಓಡಿಸುವವರು ಇವರ ಅಣ್ಣಂದಿರು, ಜೊತೆಯಲ್ಲಿ ಓದಿದವರು. ಪೊಲೀಸರ ದಂಡಕ್ಕೆ ಬಗ್ಗದವನೂ ದೋಸ್ತ ನಾಲ್ಕು ಮಂದಿಯೆದುರು ಬೈದರೆ ಬಗ್ಗುತ್ತಾನೆ. 1981ರಲ್ಲಿ ಅಮೆರಿಕದ ವೇಲ್ಯಾಂಡ್ ಎಂಬ ಊರಿನ ಹೈಸ್ಕೂಲು ಮಕ್ಕಳು, ಶಾಲೆಯ ಗೆಳೆಯರು ಅಪಘಾತಗಳಲ್ಲಿ ಸತ್ತ ಮೇಲೆ, ಕುಡಿದು ಗಾಡಿ ಓಡಿಸುವುದರ ವಿರುದ್ಧ ಶಿಕ್ಷಕರೊಬ್ಬರ ಜೊತೆ ಸೇರಿ ತಮ್ಮದೇ ಸಂಘ ಕಟ್ಟಿದರು. ನಾವು ಇನ್ನೊಂದು ಸಾವಿಗೆ ಕಾಯಬೇಕೆ?

ಇನ್ನು 18 ತುಂಬದ ತಮ್ಮಂದಿರ ಕೈಗೆ ಬೈಕಿನ ಚಾವಿ ಕೊಡುವ ಚಾಳಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಪಾಲಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಅಪ್ಪಂದಿರಿಗೆ ಇದನ್ನು ಮಕ್ಕಳೇ ಓದಿ ಹೇಳಲಿ.

ಸಕ್ಕರೆ ಕಾರ್ಖಾನೆಗಳಿಗೂ ಒಂದು ಮಾತು: ರಿಫ್ಲೆಕ್ಟರ್ ಇಲ್ಲದ ಟ್ರೇಲರನ್ನು ತೂಕದ ಕಾಟಾಕ್ಕೆ ಹತ್ತಿಸಬೇಡಿ. ಪಟ್ಟಿಯ ಖರ್ಚು ನೀವು ಕೊಡಿ, ಅಂಟಿಸುವ ಕೆಲಸ ನಮ್ಮ ಹುಡುಗ–ಹುಡುಗಿಯರಿಗೆ ಬಿಡಿ.