ಕಲ್ಲಿನಲ್ಲಿದ್ದ ಫ್ಲೋರೈಡ್ ನೀರಿಗೆ ಬಂದ ಬಗೆ

ಬೆಂಗಳೂರಿನ ಬಿನ್ನಿಪೇಟೆಯ ಮನೆಯೊಂದರಲ್ಲಿ ಬೆಳಗ್ಗೆ ಹಲ್ಲುಜ್ಜಲು ಬಳಸುವ ಒಂದು ಗ್ರಾಂ ಫ್ಲೋರೈಡ್ ಪೇಸ್ಟಿನಲ್ಲಿ ಸುಮಾರು ಒಂದು ಮಿಲಿಗ್ರಾಂ ಫ್ಲೋರೈಡ್ ಇರುತ್ತದೆ. ಬಾಯಿ ಮುಕ್ಕಳಿಸುವುದು ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸುಮಾರು 100 ಕಿಲೋಮೀಟರ್ ದೂರದಿಂದ ಪಂಪುಗಳು ಮೇಲೆತ್ತಿ ತಂದ ಕಾವೇರಿಯ ನೀರಿನಿಂದ. ಪೇಸ್ಟನ್ನು ಉಗುಳಿದರಾಯಿತು. ಪಾವಗಡ, ಬಾಗೇಪಲ್ಲಿಗಳ ಕಡೆ ಎಷ್ಟೋ ಕೊಳವೆಬಾವಿಗಳ ಒಂದು ಲೀಟರ್ ನೀರಿನಲ್ಲೇ ಅದಕ್ಕಿಂತ ಹೆಚ್ಚು ಫ್ಲೋರೈಡ್ ಇದೆ. ಅದನ್ನು ಉಗುಳುವಂತಿಲ್ಲ, ಕುಡಿಯಬೇಕು.

ಇದರ ಮೂಲಗಳಲ್ಲಿ ಒಂದು ಫ್ಲೋರೈಟ್ ಎಂಬ ಖನಿಜ. ಕ್ಯಾಲ್ಸಿಯಂ ಮತ್ತು ಫ್ಲೋರಿನ್ ಕೂಡಿ ಆದ ಈ ಕಲ್ಲು ನೋಡಲು ಸುಂದರ. ನೇರಳೆ, ಹಸಿರು, ಹಳದಿ ಬಣ್ಣಗಳ ಚೌಕ ಹರಳುಗಳು. ಚಾಕುವಿನಿಂದ ಗೀರಬಹುದಾದಷ್ಟು ಮೃದು. ನೇರಳಾತೀತ ಬೆಳಕಿನಲ್ಲಿ ಇದರ ಹಲವು ಹರಳುಗಳು ನೀಲಿಯಾಗಿ ಹೊಳೆಯುತ್ತವೆ. 1852ರಲ್ಲಿ ಸ್ಟೋಕ್ಸ್ ಎಂಬ ವಿಜ್ಞಾನಿ ಆ ಗುಣಕ್ಕೆ ಈ ಕಲ್ಲಿನ ಹೆಸರಿನಿಂದಲೇ ‘ಫ್ಲೂರೊಸೆನ್ಸ್’ ಎಂದು ಹೆಸರಿಟ್ಟನು. ಲೋಹದ ಕುಲುಮೆಗೆ ಹಾಕಿದರೆ ಕಿಟ್ಟ ತೆಳುವಾಗಿ ಹರಿದುಹೋಗುತ್ತದೆ. ಗಂಧಕಾಮ್ಲದೊಡನೆ ಕಾಯಿಸಿದರೆ ಹೈಡ್ರೊಫ್ಲೋರಿಕ್ ಆಮ್ಲ ದೊರೆಯುತ್ತದೆ. ಅಲ್ಯೂಮಿನಿಯಂ ತಯಾರಿಕೆಗೆ ಬೇಕಾದ ಲವಣಗಳು, ಫ್ರಿಜ್ಜಿನ ಅನಿಲ, ಅಂಟದ ಬಾಣಲೆಯ ಲೇಪ ಎಲ್ಲಕ್ಕೂ ಅದೇ ಮೂಲ. ಭಾರತದಲ್ಲಿ ಇದರ ದೊಡ್ಡ ನಿಕ್ಷೇಪವಿರುವುದು ಗುಜರಾತಿನ ಅಂಬಾಡುಂಗರದಲ್ಲಿ.

ಕರ್ನಾಟಕದ ಬಯಲುಸೀಮೆಯಲ್ಲಿ ಇದು ಗಣಿಯಾಗಿಲ್ಲ. ಗ್ರಾನೈಟ್ ಮತ್ತು ನೈಸ್ ಬಂಡೆಗಳೊಳಗೆ ಕಾಗೆಬಂಗಾರ, ಅಪಟೈಟ್ ಮೊದಲಾದ ಇತರ ಫ್ಲೋರೈಡ್ ಖನಿಜಗಳ ಜೊತೆ ಸಣ್ಣ ಕಣಗಳಾಗಿ ಹರಡಿದೆ. ಶುದ್ಧ ನೀರಿನಲ್ಲಿ ಫ್ಲೋರೈಟ್ ಕರಗುವುದು ಲೀಟರಿಗೆ ಸುಮಾರು 16 ಮಿಲಿಗ್ರಾಂ ಮಾತ್ರ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಇನ್ನೂ ಕಡಿಮೆ. ಆದರೆ ಆಳದ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿನ ಕ್ಯಾಲ್ಸಿಯಂ ಸುಣ್ಣಕಲ್ಲಾಗಿ ಕೂತುಬಿಡುತ್ತದೆ, ಸೋಡಿಯಂ ಏರುತ್ತದೆ. ಆಗ ಫ್ಲೋರೈಡಿಗೆ ತಡೆಯೇ ಇಲ್ಲ. ವರ್ಷವರ್ಷವೂ ಮಳೆಯಿಂದ ಹೊಸದಾಗುತ್ತಿದ್ದ ತೆರೆದ ಬಾವಿಯ ನೀರಿಗೆ ಅಷ್ಟು ಕಾಲ ಕಲ್ಲಿನ ಸಹವಾಸವಿರಲಿಲ್ಲ. ಕೆರೆಗಳು ಹೂಳು ತುಂಬಿ, ಬಾವಿಗಳು ಬತ್ತಿ, ಕೊಳವೆಬಾವಿ 1000 ಅಡಿ ದಾಟಿದ ಮೇಲೆ ಕುಡಿಯುವ ನೀರಿನ ಸ್ವಭಾವವೇ ಬದಲಾಯಿತು.

ಭಾರತೀಯ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ 1.5. ಇದನ್ನು ಮೀರಿದ ನೀರನ್ನು ಬೆಳೆಯುವ ಮಕ್ಕಳು ಕುಡಿದರೆ ಹಲ್ಲು ಕಂದುಗಟ್ಟುತ್ತದೆ. ಪ್ರಮಾಣ ಬಹಳ ಹೆಚ್ಚಿ ವರ್ಷಗಟ್ಟಲೆ ನಡೆದರೆ ಬೆನ್ನು, ಮಂಡಿಗಳು ಬಾಗದಂತಾಗುತ್ತವೆ. ಕುದಿಸುವುದರಿಂದ ಫ್ಲೋರೈಡ್ ಹೋಗದು, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಶುದ್ಧ ನೀರಿನ ಘಟಕಗಳು ಅದನ್ನು ತೆಗೆಯುತ್ತವೆ ನಿಜ. ತೆಗೆದದ್ದನ್ನು ಹೊತ್ತ ತ್ಯಾಜ್ಯ ನೀರು ಸಾಮಾನ್ಯವಾಗಿ ಪಕ್ಕದ ಚರಂಡಿಗೇ ಹೋಗುತ್ತದೆ!

ಕೋಲಾರ, ಚಿಕ್ಕಬಳ್ಳಾಪುರಗಳ ಈ ಸಂಕಟವನ್ನು ಮುಂದಿಟ್ಟುಕೊಂಡೇ ಸಕಲೇಶಪುರದ ಹಳ್ಳಗಳಿಂದ 24.01 ಟಿಎಂಸಿ ನೀರೆತ್ತುವ ಎತ್ತಿನಹೊಳೆ ಯೋಜನೆ ಬಂದಿತು. ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆಯಾಯಿತು. ಆ ಜನರ ಬಾಯಾರಿಕೆ ಸುಳ್ಳೆಂದು ಮಲೆನಾಡಿನವರು ಹೇಳುವುದು ಅನ್ಯಾಯ. ಆದರೆ ಬಯಲಿನ ಕೆರೆಗಳ ಹೂಳು ತೆಗೆಯದೆ, ಶಾಲೆಗಳ ಸೂರಿನ ಮಳೆನೀರು ಹಿಡಿಯದೆ, ಆಳದ ಕೊರೆತಕ್ಕೆ ಕಡಿವಾಣ ಹಾಕದೆ ಬೆಟ್ಟದ ನೀರೊಂದನ್ನೇ ಮದ್ದೆನ್ನುವುದು ರೋಗದ ಕಾರಣವನ್ನೇ ಮರೆತಂತೆ.

ಮಲೆನಾಡಿನಲ್ಲೂ ಈಗ ಅಡಿಕೆ ತೋಟಕ್ಕೊಂದು ಕೊಳವೆಬಾವಿ ಏಳುತ್ತಿದೆ. ಇಲ್ಲಿಯ ಬಂಡೆಯೂ ಬಹುಪಾಲು ನೈಸೇ. ಇದುವರೆಗೆ ಕಾಯ್ದದ್ದು ಮಳೆ ಮತ್ತು ಮೇಲ್ಪದರದ ನೀರು. ಆಳದ ಕೊಳವೆಬಾವಿಯ ನೀರನ್ನು ಅಡುಗೆಗೆ, ಶಾಲೆಯ ಬಿಸಿಯೂಟಕ್ಕೆ ಬಳಸುವ ಮುನ್ನ ಪರೀಕ್ಷಿಸಬೇಕು. ಜಲಜೀವನ ಮಿಷನ್ನಿನಲ್ಲಿ ಹಳ್ಳಿಗಳಿಗೆ ಕೊಡುವ ಪರೀಕ್ಷಾ ಕಿಟ್‌ನಲ್ಲಿ ಫ್ಲೋರೈಡಿನ ಪರೀಕ್ಷೆಯೂ ಇದೆ. ಗ್ರಾಮ ಪಂಚಾಯಿತಿಯಲ್ಲಿ ಕೇಳಿ ಮಾಡಿಸಿಕೊಳ್ಳಬಹುದು.